ಘಟ್ಟದ ಕೆಳಗಿನ ಸೀಮೆ: ನೋಡಹೋಗುವವರು ತಿಳಿದಿರತಕ್ಕ ಕೆಲವು ಸಂಗತಿಗಳು

ನಮ್ಮ ಶಾಲೆಯ ಬಾಲಿಕೆಯರನ್ನು ಪ್ರವಾಸಕ್ಕಾಗಿ ಎಲ್ಲಿಗೆ ಕರೆದುಕೊಂಡು ಹೋಗಬೇಕೆಂದು ಕೇಳಿದರೆ, ಅವರಲ್ಲಿ ಹೆಚ್ಚಿನವರು "ಕಡಲು ನೋಡಬೇಕು" ಎಂದು ಉತ್ತರ ಕೊಡುವರು. ಬೆಟ್ಟಗಳ ನಡುವೆ ಹುಟ್ಟಿ, ಕಾಫಿಯ ತೋಟಗಳ ನೆರಳಿನಲ್ಲಿ ಬೆಳೆದವರಿಗೆ ಕಣ್ಣಿಗೆ ಎಲ್ಲೆಯೇ ಇಲ್ಲದ ನೀರನ್ನು ನೋಡಬೇಕೆಂಬ ಆಶೆ ಹುಟ್ಟುವದು ಸಹಜವೇ ಸರಿ. ಆದರೆ ಏನೂ ತಿಳಿಯದೆ ಹೋದವರು ಮರಳು, ತೆರೆ, ಅಂಗಡಿಬೀದಿ ಇವಿಷ್ಟನ್ನೇ ನೋಡಿ ಬರುವರು. ಸ್ವಲ್ಪ ತಿಳಿದುಕೊಂಡು ಹೋದವರಾದರೋ ತಮ್ಮ ಮನೆಯ ಮಾಡಿನ ಹೆಂಚಿಗೂ ಒಲೆಯ ಮೇಲಿನ ಉಪ್ಪಿಗೂ ತಮ್ಮ ಅಜ್ಜಿಯ ಮಾತಿಗೂ ಮೂಲವನ್ನು ಅಲ್ಲಿ ಕಾಣುವರು. ಆದಕಾರಣ ಗೋಣಿಬೀಡಿನಿಂದ ದಕ್ಷಿಣ ಕನ್ನಡ ಜಿಲ್ಲೆಗೆ ಹೋಗುವವರು ಮುಂಚಿತವಾಗಿ ತಿಳಿದಿರತಕ್ಕ ಕೆಲವು ಸಂಗತಿಗಳನ್ನು ಇಲ್ಲಿ ಕ್ರಮವಾಗಿ ಹೇಳಲು ಪ್ರಯತ್ನಿಸುವೆನು.

೧. ದಾರಿಯೂ ನೀರೂ

ಗೋಣಿಬೀಡಿನಿಂದ ಮಂಗಳೂರಿಗೆ ಸುಮಾರು ೧೨೦ ಕಿಲೋಮೀಟರುಗಳ ದಾರಿ. ಮೂಡಿಗೆರೆಯನ್ನು ದಾಟಿ ಕೊಟ್ಟಿಗೆಹಾರಕ್ಕೆ ಹೋಗಿ, ಅಲ್ಲಿಂದ ಚಾರ್ಮಾಡಿ ಘಟ್ಟವನ್ನಿಳಿದು, ಉಜಿರೆ, ಬೆಳ್ತಂಗಡಿ, ಬಂಟ್ವಾಳಗಳ ಮೇಲಿನಿಂದ ಕಡಲತೀರವನ್ನು ಸೇರಬೇಕು. ಕೊಟ್ಟಿಗೆಹಾರದಲ್ಲಿ ಗಾಡಿ ನಿಲ್ಲಿಸಿ ನೀರುದೋಸೆ ತಿನ್ನದೆ ಮುಂದಕ್ಕೆ ಹೋಗುವವರು ವಿರಳ. ಈ ದೋಸೆ ಮಲೆಸೀಮೆಯದಲ್ಲ, ಕರಾವಳಿಯದು. ಅದು ಎಂದೋ ಘಟ್ಟ ಹತ್ತಿ ಬಂದು ಇಲ್ಲಿಯದೇ ಆಗಿಬಿಟ್ಟಿದೆ. ಹೀಗೆ ಘಟ್ಟವನ್ನು ಇಳಿಯುವ ಮೊದಲೇ ಕೆಳಗಿನ ಸೀಮೆಯು ನಮ್ಮನ್ನು ಎದುರುಗೊಳ್ಳುವದು.

ಘಟ್ಟದ ನೆತ್ತಿಯ ಮೇಲೆ ನಿಂತಾಗ ಒಂದು ವಿಷಯವನ್ನು ಗಮನಿಸತಕ್ಕದ್ದು. ನಮ್ಮ ತಾಲೂಕಿನ ಜಾವಳಿಯ ಬಳಿ ಹುಟ್ಟುವ ಹೇಮಾವತಿಯು ಮೂಡಣಕ್ಕೆ ತಿರುಗಿ, ಕಾವೇರಿಯನ್ನು ಕೂಡಿಕೊಂಡು, ಬಂಗಾಳ ಕೊಲ್ಲಿಯನ್ನು ಸೇರುತ್ತಾಳೆ. ಅದೇ ಪರ್ವತಪಂಕ್ತಿಯ ಪಡುವಣ ಮಗ್ಗುಲಲ್ಲಿ ಬಿದ್ದ ಮಳೆಯಾದರೋ ನೇತ್ರಾವತಿಯ ಪಾಲಾಗಿ, ಒಂದೆರಡು ದಿವಸಗಳಲ್ಲಿಯೇ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಒಂದು ಹೆಂಚಿನ ಮಾಡಿನ ಎರಡು ಇಳಿಜಾರುಗಳಂತೆ ಈ ಘಟ್ಟವು ನೀರನ್ನು ಎರಡು ಕಡಲುಗಳಿಗೆ ಹಂಚಿಕೊಡುತ್ತದೆ. ಜೂನ್ ತಿಂಗಳಲ್ಲಿ ಕಡಲಿನಿಂದೇಳುವ ನೈರುತ್ಯದ ಗಾಳಿಯು ತೇವವನ್ನು ಹೊತ್ತುಕೊಂಡು ಬಂದು, ಈ ಗೋಡೆಗೆ ತಗಲಿ ಮೇಲಕ್ಕೇರಿ, ತಣ್ಣಗಾಗಿ ಮಳೆಗರೆಯುವದು. ಕಾಫಿಗೆ ಬೇಕಾದ ಮಳೆ, ನಮ್ಮ ಗದ್ದೆಗಳ ನೀರು, ಹೇಮಾವತಿಯ ಪ್ರವಾಹ ಇವೆಲ್ಲವೂ ಆ ಕಡಲಿನ ದಾನವೇ. ನಾವು ಕಡಲನ್ನು ನೋಡದಿದ್ದಾಗಲೂ ಕಡಲು ವರ್ಷಕ್ಕೊಮ್ಮೆ ನಮ್ಮನ್ನು ನೋಡಲು ಬರುತ್ತಲೇ ಇದೆ.

ಘಟ್ಟವನ್ನಿಳಿದ ಮೇಲೆ ಮಣ್ಣಿನ ಬಣ್ಣ ಬದಲಾಗುವದು. ಅಲ್ಲಿ ಎಲ್ಲೆಲ್ಲಿಯೂ ಕಾಣುವ ಕೆಂಪುಕಲ್ಲನ್ನು ಮುರಕಲ್ಲು ಎಂದೂ ಕರೆಯುವರು. ನೆಲದೊಳಗಿರುವಾಗ ಅದು ಮೆತ್ತಗಿದ್ದು ಉಳಿಯಿಂದ ಕಡಿಯಲು ಬರುವದು. ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುವದು. ಅದರಿಂದಲೇ ಆ ಸೀಮೆಯ ಮನೆಗಳೂ ಪಾಗಾರಗಳೂ ಕಟ್ಟಲ್ಪಟ್ಟಿವೆ. ಬ್ರಿಟಿಷರ ಕಾಲದಲ್ಲಿ ಮೈಸೂರು, ಕನ್ನಡ, ಮಲಬಾರು ಸೀಮೆಗಳನ್ನು ಸುತ್ತಿದ ಬುಕಾನನ್ ಎಂಬ ವೈದ್ಯನು ಈ ಜಾತಿಯ ಕಲ್ಲಿಗೆ, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಶಬ್ದದಿಂದ, 'ಲ್ಯಾಟರೈಟ್' ಎಂಬ ಹೆಸರನ್ನಿಟ್ಟು ೧೮೦೭ನೆಯ ಇಸವಿಯ ತನ್ನ ಗ್ರಂಥದಲ್ಲಿ ಪ್ರಕಟಿಸಿದನು. ಈಗ ಲೋಕದ ಭೂಗೋಳಶಾಸ್ತ್ರದ ಪುಸ್ತಕಗಳಲ್ಲೆಲ್ಲಾ ಅದೇ ಹೆಸರು ನಡೆಯುತ್ತಿದೆ.

೨. ಉಪ್ಪಿನ ಹಾದಿ

ನೇತ್ರಾವತಿಯೂ ಕುಮಾರಧಾರೆಯೂ ಕೂಡುವ ಸ್ಥಳದಲ್ಲಿ ಉಪ್ಪಿನಂಗಡಿ ಎಂಬ ಊರಿದೆ. ಆ ಹೆಸರನ್ನು ಬಿಡಿಸಿ ಓದಿದರೆ ಅದರ ಚರಿತ್ರೆ ತಾನಾಗಿಯೇ ತಿಳಿಯುವದು. ಮೋಟಾರು ಗಾಡಿಗಳು ಬರುವದಕ್ಕೆ ಎಷ್ಟೋ ಕಾಲ ಮೊದಲು, ಕಡಲ ಉಪ್ಪು ದೋಣಿಗಳಲ್ಲಿ ಹೊಳೆಯ ಮೇಲ್ಗಡೆಗೆ ಬಂದು, ಅಲ್ಲಿಂದ ಹೇರೆತ್ತುಗಳ ಬೆನ್ನಿನ ಮೇಲೆ ಘಟ್ಟವನ್ನು ಹತ್ತುತ್ತಿತ್ತು. ಉಪ್ಪು, ಒಣಮೀನು, ತೆಂಗಿನಕಾಯಿ ಇವು ಮೇಲಕ್ಕೆ. ಮೆಣಸು, ಏಲಕ್ಕಿ, ತರುವಾಯದ ಕಾಲದಲ್ಲಿ ಕಾಫಿ ಇವು ಕೆಳಕ್ಕೆ. ಉಪ್ಪಿಲ್ಲದೆ ಮನುಷ್ಯನೂ ಬದುಕನು, ದನವೂ ಬದುಕದು. ಮಲೆಸೀಮೆಯಲ್ಲಿ ಉಪ್ಪು ಬೆಳೆಯದು. ಆದಕಾರಣ ಘಟ್ಟದ ಮೇಲಿನವರಿಗೂ ಕೆಳಗಿನವರಿಗೂ ಇರುವ ಸಂಬಂಧವು ಅರಸರ ಅಪ್ಪಣೆಯಿಂದ ಹುಟ್ಟಿದ್ದಲ್ಲ, ಅಡಿಗೆಮನೆಯ ಅವಶ್ಯಕತೆಯಿಂದ ಹುಟ್ಟಿದ್ದು.

ಅರಸರ ಗಡಿಗಳಾದರೋ ಆಗಾಗ್ಗೆ ಬದಲಾದವು. ನಮ್ಮ ತಾಲೂಕಿನ ಅಂಗಡಿ ಎಂಬ ಗ್ರಾಮವೇ ಹೊಯ್ಸಳರ ಮೂಲಸ್ಥಾನವೆಂದು ಚರಿತ್ರಕಾರರು ಹೇಳುವರು. ಕೆಳಗೆ ತುಳುನಾಡನ್ನು ಆಳುಪರೆಂಬ ಅರಸರು ಬಹುಕಾಲ ಆಳಿದರು. ಅನಂತರ ವಿಜಯನಗರದ ಅಧಿಕಾರವೂ, ಕೆಳದಿಯ ನಾಯಕರ ಆಳಿಕೆಯೂ ಬಂದವು. ೧೭೬೩ರಲ್ಲಿ ಹೈದರಲಿಯು ಕೆಳದಿಯ ರಾಜ್ಯವನ್ನು ಗೆದ್ದಾಗ ಕರಾವಳಿಯೂ ಅವನ ವಶವಾಯಿತು. ಅವನ ಮಗ ಟಿಪ್ಪುವಿಗೂ ಇಂಗ್ಲಿಷರಿಗೂ ೧೭೮೪ರ ಮಾರ್ಚಿ ತಿಂಗಳಲ್ಲಿ ಆದ ಒಡಂಬಡಿಕೆಗೆ ಮಂಗಳೂರಿನ ಒಡಂಬಡಿಕೆ ಎಂದೇ ಹೆಸರು. ಬೆಳ್ತಂಗಡಿಯ ಸಮೀಪ ದಾರಿಯಿಂದಲೇ ಕಾಣುವ ದೊಡ್ಡ ಒಂಟಿಬಂಡೆ ಗಡಾಯಿಕಲ್ಲು. ಅದರ ಮೇಲೆ ಟಿಪ್ಪುವು ೧೭೯೪ರಲ್ಲಿ ಕೋಟೆ ಕಟ್ಟಿಸಿ, ತನ್ನ ತಾಯಿಯ ಹೆಸರಿನಿಂದ ಜಮಾಲಾಬಾದ್ ಎಂದು ಕರೆದನೆಂದು ಹೇಳುವರು.

೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಘಟ್ಟವೇ ಒಂದು ರಾಜ್ಯದ ಗಡಿಯಾಯಿತು. ಮೇಲಿನ ನಾಡು ಮೈಸೂರು ಸಂಸ್ಥಾನಕ್ಕೆ ಉಳಿಯಿತು. ಕೆಳಗಿನ ನಾಡು ಇಂಗ್ಲಿಷರಿಗೆ ಸಲ್ಲಿ, ಮುಂದೆ ಮದ್ರಾಸು ಇಲಾಖೆಯ ದಕ್ಷಿಣ ಕನ್ನಡ ಜಿಲ್ಲೆಯಾಯಿತು. ಈ ಸ್ಥಿತಿಯು ೧೯೫೬ನೆಯ ಇಸವಿ ನವೆಂಬರ್ ೧ನೆಯ ತಾರೀಕಿನ ವರೆಗೆ ನಡೆಯಿತು. ಆ ದಿನ ಭಾಷಾವಾರು ವಿಭಾಗವಾದಾಗ ಮಂಗಳೂರು ಮೈಸೂರು ರಾಜ್ಯವನ್ನು ಸೇರಿತು. ಆದರೆ ಅದೇ ಜಿಲ್ಲೆಯ ತೆಂಕಣ ತುದಿಯಾದ ಕಾಸರಗೋಡು ಕೇರಳಕ್ಕೆ ಹೋಯಿತು. ೧೯೯೭ರಲ್ಲಿ ಜಿಲ್ಲೆಯ ಬಡಗಣ ಭಾಗವನ್ನು ಬೇರ್ಪಡಿಸಿ ಉಡುಪಿ ಜಿಲ್ಲೆಯನ್ನು ಮಾಡಿದರು. ಹೀಗೆ ಗಡಿಗೆರೆಗಳು ಅತ್ತಿತ್ತ ಸರಿದರೂ ಉಪ್ಪೂ ಮೀನೂ ಜನರೂ ಹೋಗಿ ಬರುವದು ನಿಲ್ಲಲಿಲ್ಲ.

೩. ಕಡಲಿನಾಚೆಯ ನಂಟು

ಮಂಗಳೂರಿನ ಬಂದರವು ಬಹು ಪುರಾತನವಾದದ್ದು. ಹಾಯಿಹಡಗುಗಳ ಕಾಲದಲ್ಲಿ ಗಾಳಿಯೇ ಪಂಚಾಂಗವಾಗಿತ್ತು. ನೈರುತ್ಯದ ಗಾಳಿಯ ಉಗ್ರತೆ ತಗ್ಗಿದಾಗ ಅರಬಸ್ಥಾನದಿಂದ ಹಡಗುಗಳು ಇತ್ತ ಬರುವವು. ಮಳೆಗಾಲ ಕಳೆದು ಈಶಾನ್ಯದ ಗಾಳಿ ಬೀಸತೊಡಗಿದ ಮೇಲೆ ಮೆಣಸನ್ನೂ ಅಕ್ಕಿಯನ್ನೂ ತುಂಬಿಕೊಂಡು ಹಿಂದಿರುಗುವವು. ಹನ್ನೆರಡನೆಯ ಶತಮಾನದಲ್ಲಿ, ಈಗಿನ ಟ್ಯುನೀಸಿಯ ದೇಶದವನಾದ ಅಬ್ರಹಾಂ ಬೆನ್ ಯೀಜು ಎಂಬ ಯೆಹೂದ್ಯ ವರ್ತಕನು ಸುಮಾರು ೧೧೩೨ರಿಂದ ೧೧೪೯ರ ವರೆಗೆ ಈ ಕರಾವಳಿಯಲ್ಲಿ ನೆಲಸಿ, ಮಂಗಳೂರಿನಿಂದ ವ್ಯಾಪಾರ ಮಾಡುತ್ತಿದ್ದನು. ಅವನ ಕಾಗದಪತ್ರಗಳು ಕೈರೋ ಪಟ್ಟಣದ ಹಳೆಯ ಸಭಾಮಂದಿರವೊಂದರ ಉಗ್ರಾಣದಲ್ಲಿ ಉಳಿದುಬಂದವು. ಅವುಗಳಲ್ಲಿ ಬೊಮ್ಮ ಎಂಬ ಅವನ ಸೇವಕನ ಹೆಸರೂ ಇದೆ. ಎಂಟು ನೂರು ವರ್ಷಗಳಿಗೂ ಹಿಂದೆ ಯಜಮಾನನ ಪರವಾಗಿ ಏಡನ್ ಬಂದರಕ್ಕೆ ಹೋಗಿಬಂದ ಈ ಬೊಮ್ಮನಂಥವರ ವೃತ್ತಾಂತವನ್ನು ಓದಿದರೆ, ಚರಿತ್ರೆಯು ಅರಸರಿಗೆ ಮಾತ್ರ ಸೇರಿದ್ದೆಂಬ ತಪ್ಪು ತಿಳುವಳಿಕೆ ಹೋಗುವದು. ಹದಿನಾಲ್ಕನೆಯ ಶತಮಾನದಲ್ಲಿ ಬಂದ ಇಬ್ನ್ ಬತೂತನೂ ಈ ಬಂದರವನ್ನು ಕಂಡು, ಪಾರಸ್ಯ ಮತ್ತು ಯೆಮನ್ ದೇಶಗಳ ವರ್ತಕರು ಇಲ್ಲಿ ಇಳಿಯುತ್ತಿದ್ದರೆಂದು ಬರೆದಿಟ್ಟನು.

ಪೋರ್ಚುಗೀಸರು ಬಂದ ಮೇಲೆ ಈ ವ್ಯಾಪಾರದಲ್ಲಿ ತೋಪುಗಳ ಸದ್ದು ಕೇಳತೊಡಗಿತು. ಮಂಗಳೂರಿನ ಎದುರು ದಡದ ಉಳ್ಳಾಲದಲ್ಲಿ ಆಳುತ್ತಿದ್ದ ಚೌಟರ ರಾಣಿ ಅಬ್ಬಕ್ಕನು ಅವರಿಗೆ ಕಪ್ಪ ಕೊಡಲೊಪ್ಪದೆ ಕಾದಿದ ಸಂಗತಿಯನ್ನು ಆ ಸೀಮೆಯ ಜನರು ಈಗಲೂ ಸ್ಮರಿಸುವರು. ೧೬೨೩ರಲ್ಲಿ ಪಿಯೆತ್ರೊ ದೆಲ್ಲ ವಲ್ಲೆ ಎಂಬ ಇಟಲಿ ದೇಶದ ಪ್ರವಾಸಿಯು ಅಂದಿನ ಉಳ್ಳಾಲದ ರಾಣಿಯನ್ನು ಕಾಣಹೋದನು. ಆಕೆ ಸಿಂಹಾಸನದ ಮೇಲೆ ಕುಳಿತಿರಲಿಲ್ಲ. ಬಿಳಿಯ ಹತ್ತಿಬಟ್ಟೆಯನ್ನುಟ್ಟು, ಬರಿಗಾಲಿನಲ್ಲಿ, ಓಲೆಯ ಕೊಡೆಯ ನೆರಳಿನಲ್ಲಿ ಕಾಲುವೆ ತೋಡುವ ಕೆಲಸವನ್ನು ನೋಡಲು ನಡೆದುಹೋಗುತ್ತಿದ್ದಳು. ಈ ವರ್ಣನೆಯು ನಮ್ಮ ಬಾಲಿಕೆಯರು ಮನಸ್ಸಿನಲ್ಲಿಟ್ಟುಕೊಳ್ಳತಕ್ಕದ್ದೇ.

ಇಲ್ಲಿ ಸ್ತ್ರೀಯರು ಪಟ್ಟವೇರಲು ಕಾರಣವೇನೆಂದು ಕೇಳಬಹುದು. ತುಳುನಾಡಿನ ಅನೇಕ ಜಾತಿಗಳಲ್ಲಿ ಅಳಿಯಸಂತಾನವೆಂಬ ಕಟ್ಟಳೆ ಇತ್ತು. ಅದರಂತೆ ಕುಟುಂಬವನ್ನು ತಾಯಿಯಿಂದ ಎಣಿಸುವರು. ಆಸ್ತಿಯು ತಂದೆಯಿಂದ ಮಗನಿಗೆ ಹೋಗದೆ ತಾಯಿಯ ಸಂತತಿಯಲ್ಲಿಯೇ ಉಳಿಯುವದು. ಹೆಣ್ಣುಮಗು ಹುಟ್ಟಿದರೆ ಮನೆತನವು ಮುಂದುವರಿಯಿತೆಂದು ಸಂತೋಷಪಡುವ ಪದ್ಧತಿಯೂ ನಮ್ಮ ನೆರೆಯಲ್ಲೇ ಇತ್ತೆಂಬದು ಸ್ವಲ್ಪ ಯೋಚಿಸತಕ್ಕ ವಿಷಯ. ಯಜಮಾನಿಕೆಯು ಹೆಚ್ಚಾಗಿ ಗಂಡಸರ ಕೈಯಲ್ಲಿಯೇ ಇತ್ತೆಂಬದನ್ನೂ ಮರೆಯಬಾರದು. ೧೯೪೯ರಲ್ಲಿ ಮದ್ರಾಸು ಸರಕಾರವು ಈ ಕಟ್ಟಳೆಯ ವಿಷಯವಾಗಿ ಕಾನೂನು ಮಾಡಿ, ಕುಟುಂಬದ ಆಸ್ತಿಯನ್ನು ಪಾಲು ಮಾಡಿಕೊಳ್ಳಲು ದಾರಿ ತೆರೆಯಿತು.

ಜೈನರ ಶಿಲ್ಪಗಳನ್ನೂ ಈ ದಾರಿಯಲ್ಲಿ ನೋಡಬಹುದು. ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ ೧೬೦೪ರಲ್ಲಿ ತಿಮ್ಮಣ್ಣ ಅಜಿಲನು ನಿಲ್ಲಿಸಿದ ಬಾಹುಬಲಿಯ ವಿಗ್ರಹವು ಸುಮಾರು ೩೫ ಅಡಿ ಎತ್ತರದ್ದು. ಕಾರ್ಕಳದಲ್ಲಿರುವದು ಅದಕ್ಕಿಂತ ಹಳೆಯದು, ೧೪೩೨ರದು. ಎತ್ತರ ಸುಮಾರು ೪೨ ಅಡಿ. ಮೂಡಬಿದಿರೆಯ ಸಾವಿರ ಕಂಬದ ಬಸದಿಯು ೧೪೩೦ರಲ್ಲಿ ಕಟ್ಟಿದ್ದು. ವ್ಯಾಪಾರದಿಂದ ಬಂದ ಐಶ್ವರ್ಯವು ಕಲ್ಲಾಗಿ ನಿಂತ ರೀತಿ ಇದು.

೪. ಹೆಂಚು, ಅಚ್ಚುಕೂಟ, ಪಾಠಶಾಲೆ

ನಮ್ಮ ಸೀಮೆಯ ಯಾವ ಹಳೆಯ ಬಂಗಲೆಯನ್ನಾಗಲಿ ಶಾಲೆಯನ್ನಾಗಲಿ ತೋಟದ ಲೈನನ್ನಾಗಲಿ ನೋಡಿದರೆ, ಮಾಡಿನ ಮೇಲೆ ಮಂಗಳೂರು ಹೆಂಚು ಕಾಣುವದು. ಹೆಂಚೊಂದನ್ನು ತಿರುಗಿಸಿ ನೋಡಿದರೆ ಕಾರ್ಖಾನೆಯ ಹೆಸರೂ ಕೆಲವೊಮ್ಮೆ ಇಸವಿಯೂ ಅಚ್ಚೊತ್ತಿರುವದು. ಸ್ವಿಟ್ಸರ್ಲೆಂಡಿನ ಬಾಸೆಲ್ ಮಿಶನ್ನಿನವರು ೧೮೩೪ರಲ್ಲಿ ಮಂಗಳೂರಿಗೆ ಬಂದರು. ಜಾತಿಯಿಂದ ಹೊರಹಾಕಲ್ಪಟ್ಟು ಜೀವನೋಪಾಯವಿಲ್ಲದೆ ಹೋದ ಸಭೆಯವರಿಗೆ ಉದ್ಯೋಗವೇನೆಂಬ ಪ್ರಶ್ನೆ ಅವರಿಗೆ ಬೇಗನೆ ಎದುರಾಯಿತು. ಅದರಿಂದ ನೇಯ್ಗೆಯ ಶಾಲೆಗಳು ಹುಟ್ಟಿದವು. ೧೮೬೫ರಲ್ಲಿ ಪ್ಲೆಬ್ಸ್ಟ್ ಎಂಬವರು ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಮೊದಲನೆಯ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು. ಹೊಳೆಯ ಜೇಡಿಮಣ್ಣನ್ನು ದೋಣಿಗಳಲ್ಲಿ ತಂದು, ಅರೆದು, ಅಚ್ಚಿನಲ್ಲಿ ಒತ್ತಿ, ನೆರಳಿನಲ್ಲಿ ಆರಿಸಿ, ಆವಿಗೆಯಲ್ಲಿ ಸುಡುವರು. ಒಂದರ ಅಂಚು ಇನ್ನೊಂದರ ಗಾಡಿಯಲ್ಲಿ ಕೂರುವದರಿಂದ ಗಾಳಿಮಳೆಗೆ ಹೆಂಚು ಜಾರದು, ನೀರೂ ಒಳಕ್ಕಿಳಿಯದು. ವರ್ಷಕ್ಕೊಂದಾವರ್ತಿ ಹುಲ್ಲು ಹೊದಿಸುವ ಕಷ್ಟವನ್ನೂ ಬೆಂಕಿಯ ಭಯವನ್ನೂ ಮಲೆಸೀಮೆಯಿಂದ ಹೋಗಲಾಡಿಸಿದ್ದು ಈ ಹೆಂಚು. ಮೊದಲನೆಯ ಮಹಾಯುದ್ಧದಲ್ಲಿ ಸರಕಾರವು ಈ ಕಾರ್ಖಾನೆಗಳನ್ನು ಮಿಶನ್ನಿನಿಂದ ತೆಗೆದುಕೊಂಡಿತು. ಅವು ಮುಂದೆ ಬೇರೊಂದು ಸಂಸ್ಥೆಗೆ ಸೇರಿದವು.

ಅದೇ ಮಿಶನ್ನಿನವರು ೧೮೪೧ರಲ್ಲಿ ಅಚ್ಚುಕೂಟವನ್ನು ತೆರೆದರು. ೧೮೪೩ನೆಯ ಇಸವಿ ಜುಲೈ ೧ನೆಯ ತಾರೀಕಿನಲ್ಲಿ ಹೆರ್ಮನ್ ಮೋಗ್ಲಿಂಗರು ಹೊರಡಿಸಿದ 'ಮಂಗಳೂರ ಸಮಾಚಾರ'ವೇ ಕನ್ನಡದ ಮೊದಲನೆಯ ವೃತ್ತಾಂತಪತ್ರಿಕೆ. ೧೮೯೪ರಲ್ಲಿ ಕಿಟೆಲರ ಕನ್ನಡ ನಿಘಂಟು ಇಲ್ಲಿಯೇ ಮುದ್ರಿತವಾಯಿತು. ೧೮೯೯ರಲ್ಲಿ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಎಂಬ ಕಾದಂಬರಿಯೂ ಇಲ್ಲಿಂದಲೇ ಹೊರಬಿತ್ತು. ಅದು ಕನ್ನಡದ ಮೊದಲನೆಯ ಸ್ವತಂತ್ರ ಸಾಮಾಜಿಕ ಕಾದಂಬರಿಯೆಂದು ಎಣಿಸಲ್ಪಟ್ಟಿದೆ. ಬಾಲವಿಧವೆಯೊಬ್ಬಳು ವಿದ್ಯೆ ಕಲಿತು ಪುನಃ ಬಾಳನ್ನು ಪಡೆಯುವದೇ ಅದರ ವಿಷಯ.

ಹೆಣ್ಣುಮಕ್ಕಳ ವಿದ್ಯಾಭ್ಯಾಸದಲ್ಲಿ ಈ ಪಟ್ಟಣವು ಮುಂದಾಗಿದ್ದದ್ದು ಒಂದೇ ಮತದವರ ಪ್ರಯತ್ನದಿಂದಲ್ಲ. ೧೮೯೪ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬಾಲಿಕಾ ಶಾಲೆಯನ್ನು ತೆರೆದರು. ಇವರೇ ೧೯೦೬ರಲ್ಲಿ ಕೆನರಾ ಬ್ಯಾಂಕಿನ ಮೂಲನಿಧಿಯನ್ನು ಸ್ಥಾಪಿಸಿದವರು. ೧೯೨೧ರಲ್ಲಿ ಕಥೋಲಿಕ ಸನ್ಯಾಸಿನಿಯರು ಸೇಂಟ್ ಆಗ್ನೆಸ್ ಕಾಲೇಜನ್ನು ಸ್ಥಾಪಿಸಿದರು. ಕುದ್ಮುಲ್ ರಂಗರಾಯರು ೧೮೯೨ರಲ್ಲಿ ದಲಿತರ ಮಕ್ಕಳಿಗಾಗಿ ಶಾಲೆಯನ್ನು ತೆರೆದು, ಸ್ವಜಾತಿಯವರ ನಿಂದೆಯನ್ನು ಸಹಿಸಿಕೊಂಡು, ೧೯೨೮ರಲ್ಲಿ ತೀರಿಹೋಗುವ ತನಕ ಅದೇ ಸೇವೆಯಲ್ಲಿದ್ದರು. ೧೯೦೩ರಲ್ಲಿ ಈ ಪಟ್ಟಣದಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು, ೧೯೩೦ರ ಉಪ್ಪಿನ ಸತ್ಯಾಗ್ರಹದಲ್ಲಿ ಸ್ತ್ರೀಯರಿಗೂ ಸ್ಥಾನವಿರಬೇಕೆಂದು ಗಾಂಧೀಜಿಯವರೊಡನೆ ವಾದಿಸಿ, ಬೊಂಬಾಯಿಯಲ್ಲಿ ಕಾನೂನು ಮುರಿದು ಸೆರೆಮನೆಗೆ ಹೋದರು. ಹೇರೆತ್ತಿನ ಬೆನ್ನಿನ ಮೇಲೆ ನಮ್ಮಲ್ಲಿಗೆ ಬರುತ್ತಿದ್ದ ಉಪ್ಪಿನ ಮೇಲೆಯೂ ಸರಕಾರದ ತೆರಿಗೆ ಇದ್ದಿತೆಂಬದನ್ನು ಇಲ್ಲಿ ನೆನಪಿಸಿಕೊಳ್ಳಬೇಕು.

೫. ನಮ್ಮ ಕಾಫಿಯ ಕಡಲಯಾತ್ರೆ

ತೋಟದಲ್ಲಿ ಕೊಯ್ದ ಹಣ್ಣನ್ನು ನಾವು ಪಲ್ಪರಿಗೆ ಹಾಕಿ, ತೊಳೆದು, ಕಣದಲ್ಲಿ ಒಣಗಿಸುವ ತನಕ ನೋಡಿ ಬಲ್ಲೆವು. ಮುಂದಿನ ಕಥೆಯನ್ನು ಎಷ್ಟೋ ಹುಡುಗಿಯರು ಅರಿಯರು. ಹಿಂದಿನ ಕಾಲದಲ್ಲಿ ಚೀಲಗಳನ್ನು ಎತ್ತಿನ ಗಾಡಿಗಳಲ್ಲಿ ಹೇರಿ ಘಟ್ಟವನ್ನಿಳಿಸಿ ಮಂಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸುಗಳಿಗೆ ಕಳುಹಿಸುತ್ತಿದ್ದರು. ಅಲ್ಲಿ ಸಿಪ್ಪೆ ಬಿಡಿಸಿ, ಗಾತ್ರಕ್ಕೆ ತಕ್ಕಂತೆ ಜರಡಿ ಹಿಡಿದು, ಕೆಟ್ಟ ಬೀಜಗಳನ್ನು ಕೈಯಿಂದ ಆರಿಸುವರು. ಈ ಆರಿಸುವ ಕೆಲಸವನ್ನು ನೆಲದ ಮೇಲೆ ಸಾಲಾಗಿ ಕುಳಿತು ಮಾಡುತ್ತಿದ್ದವರು ಹೆಂಗಸರೇ. ಹಳೆಯ ಬಂದರದಲ್ಲಿ ನೇತ್ರಾವತಿಯೂ ಗುರುಪುರದ ಹೊಳೆಯೂ ಒಂದೇ ಅಳಿವೆಯಲ್ಲಿ ಕಡಲಿಗೆ ಬೀಳುವದರಿಂದ ಮರಳು ತುಂಬಿ ದೊಡ್ಡ ಹಡಗುಗಳು ಒಳಕ್ಕೆ ಬರಲಾರದೆ ಹೊರಗಡೆ ಲಂಗರು ಹಾಕುತ್ತಿದ್ದವು. ಸರಕನ್ನು ದೋಣಿಗಳಲ್ಲಿ ಒಯ್ದು ಏರಿಸಬೇಕಾಗುತ್ತಿತ್ತು. ಈ ಕಾರಣದಿಂದಲೇ ಪಣಂಬೂರಿನಲ್ಲಿ ಹೊಸ ಬಂದರವನ್ನು ಕಟ್ಟಿದರು. ೧೯೭೪ರಲ್ಲಿ ಅದು ದೇಶದ ದೊಡ್ಡ ಬಂದರಗಳಲ್ಲಿ ಒಂದೆಂದು ಘೋಷಿಸಲ್ಪಟ್ಟಿತು.

ಹಾಯಿಹಡಗುಗಳು ಆಫ್ರಿಕದ ತುದಿಯನ್ನು ಸುತ್ತಿಕೊಂಡು ಯೂರೋಪಿಗೆ ಹೋಗಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಅಷ್ಟರಲ್ಲಿ ಕಡಲಿನ ತೇವಕ್ಕೆ ಕಾಫಿಯ ಬೀಜ ಊದಿಕೊಂಡು, ಹಸುರು ಹೋಗಿ ಹೊನ್ನಿನ ಬಣ್ಣಕ್ಕೆ ತಿರುಗಿ, ಹುಳಿಯು ಕಡಿಮೆಯಾಗುತ್ತಿತ್ತು. ಅಲ್ಲಿಯ ಜನರು ಆ ರುಚಿಗೇ ಒಗ್ಗಿಹೋದರು. ೧೮೬೯ರಲ್ಲಿ ಸುಯೆಜ್ ಕಾಲುವೆ ತೆರೆದು, ಉಗಿಹಡಗುಗಳು ಹೆಚ್ಚಿ ಪ್ರಯಾಣವು ಚಿಕ್ಕದಾದಾಗ ಆ ರುಚಿ ತಪ್ಪಿತು. ಆಗ ವರ್ತಕರು ಬೇರೆ ಉಪಾಯವನ್ನು ಕಂಡುಕೊಂಡರು. ಮಳೆಗಾಲದಲ್ಲಿ ಬದಿಗಳು ತೆರೆದಿರುವ ಗೋದಾಮುಗಳಲ್ಲಿ ಬೀಜವನ್ನು ಹರವಿ, ಆಗಾಗ್ಗೆ ಕೆದಕಿ, ಸಡಿಲವಾಗಿ ಚೀಲಕ್ಕೆ ತುಂಬಿ, ಪುನಃ ಸುರಿದು, ಮೂರು ನಾಲ್ಕು ತಿಂಗಳು ಕಡಲಗಾಳಿಯನ್ನು ಕುಡಿಸುವರು. 'ಮಾನ್ಸೂನ್ಡ್ ಮಲಬಾರ್' ಎಂದು ಲೋಕಪ್ರಸಿದ್ಧವಾದ ಕಾಫಿ ಇದೇ. ಘಟ್ಟದ ಮೇಲೆ ಬೆಳೆದ ಬೀಜವು ಘಟ್ಟದ ಕೆಳಗಿನ ಗಾಳಿಯಿಂದ ಹಣ್ಣಾಗುವ ಈ ಪದಾರ್ಥವು ಎರಡು ಸೀಮೆಗಳಿಗೂ ಸೇರಿದ್ದು.

೬. ಘಟ್ಟ ಹತ್ತಿ ಬಂದವರು

ಕಾಫಿಯು ಕೆಳಕ್ಕಿಳಿದಂತೆ ಜನರು ಮೇಲಕ್ಕೆ ಬಂದರು. ಹತ್ತೊಂಬತ್ತನೆಯ ಶತಮಾನದಲ್ಲಿ ತೋಟಗಳು ಹೆಚ್ಚಿದಾಗ ಇಲ್ಲಿಯ ಜನರು ಕೆಲಸಕ್ಕೆ ಸಾಲಲಿಲ್ಲ. ಮೇಸ್ತ್ರಿಗಳು ಘಟ್ಟದ ಕೆಳಗೆ ಹೋಗಿ, ಮುಂಗಡದ ಹಣ ಕೊಟ್ಟು, ಆಳುಗಳನ್ನು ಗುಂಪುಗುಂಪಾಗಿ ನಡೆಸಿಕೊಂಡು ಬರುತ್ತಿದ್ದರು. ಕೆಲವರು ಮಳೆಗಾಲಕ್ಕೆ ತಮ್ಮ ಗದ್ದೆಗಳ ಕೆಲಸಕ್ಕೆ ಹಿಂದಿರುಗುವರು. ಕೆಲವರು ಇಲ್ಲಿಯೇ ಉಳಿಯುವರು. ಮಲೆಯ ಚಳಿಜ್ವರಕ್ಕೆ ತುತ್ತಾಗಿ ಹಿಂದಿರುಗದೆ ಹೋದವರೂ ಅನೇಕರು. ಮುಂಗಡವೆಂಬದು ಸಣ್ಣ ಮಾತಲ್ಲ. ೧೮೫೯ರಲ್ಲಿ ಬ್ರಿಟಿಷ್ ಸರಕಾರವು ಮಾಡಿದ ಒಂದು ಕಾನೂನಿನಂತೆ, ಮುಂಗಡ ಪಡೆದು ಕೆಲಸಕ್ಕೆ ತಪ್ಪಿದ ಆಳನ್ನು ಸೆರೆಗೆ ಹಾಕಬಹುದಾಗಿತ್ತು. ಆ ಕಾನೂನನ್ನು ೧೯೨೫ರಲ್ಲಿ ರದ್ದುಮಾಡುವ ಶಾಸನವು ಆಯಿತು. ಕೂಲಿಯಾಳುಗಳಲ್ಲದೆ ಬಡಗಿಗಳು, ಕಲ್ಲುಕುಟಿಗರು, ಮೀನು ಮಾರುವ ಬ್ಯಾರಿಗಳು, ಕೊಂಕಣಿ ಅಂಗಡಿಕಾರರು, ಹೋಟೆಲಿನವರು, ಉಪಾಧ್ಯಾಯರು ಹೀಗೆ ನಾನಾ ವೃತ್ತಿಯವರು ಘಟ್ಟವನ್ನು ಹತ್ತಿ ಬಂದರು.

ನಮ್ಮ ಶಾಲೆಯ ತರಗತಿಗಳಲ್ಲಿ ಕುಳಿತಿರುವ ಹುಡುಗಿಯರಲ್ಲಿ ಇವರ ಮೊಮ್ಮಕ್ಕಳೂ ಮರಿಮಕ್ಕಳೂ ಇದ್ದಾರೆ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಮಾತನಾಡುವ ಮಕ್ಕಳು ಶಾಲೆಯ ಅಂಗಳದಲ್ಲಿ ಅದನ್ನು ಮರೆಮಾಡುವದನ್ನು ಉಪಾಧ್ಯಾಯಿನಿಯರು ಕಾಣುತ್ತಲೇ ಇದ್ದಾರೆ. "ಕೆಳಗಿನವರು" ಎಂಬ ಮಾತಿನಲ್ಲಿ ಭೂಮಿಯ ಎತ್ತರ ತಗ್ಗುಗಳ ಅರ್ಥ ಮಾತ್ರವಿದ್ದರೆ ಬಾಧೆಯಿಲ್ಲ. ಆದರೆ ಜಗಳದಲ್ಲಿ ಆಡುವಾಗ ಆ ಮಾತಿಗೆ ಬೇರೆ ಅರ್ಥ ಬರುತ್ತದೆ. ಕೆಳಗಿನವರೂ ಬಯ್ಯುವಾಗ "ಘಟ್ಟದವರು" ಎಂದು ನಮ್ಮನ್ನು ಹಾಸ್ಯಮಾಡುವದುಂಟು. ಇಬ್ಬರೂ ಒಬ್ಬರನ್ನೊಬ್ಬರು ಹೀಗಳೆಯುವದು ಅಜ್ಞಾನದಿಂದ.

ತುಳುವು ಕನ್ನಡದ ಕೆಟ್ಟುಹೋದ ರೂಪವೆಂದು ಯಾರಾದರೂ ಹೇಳಿದರೆ ನಂಬಬೇಡಿರಿ. ಅದು ದ್ರಾವಿಡ ಭಾಷೆಗಳಲ್ಲಿ ಸ್ವತಂತ್ರವಾದೊಂದು ಭಾಷೆ. ಮೆನ್ನೆರೆಂಬ ಮಿಶನೆರಿಗಳು ೧೮೮೬ರಲ್ಲಿ ಅದರ ನಿಘಂಟನ್ನು ಮಂಗಳೂರಿನಲ್ಲಿ ಪ್ರಕಟಿಸಿದರು. ಮುಂದೆ ಉಡುಪಿಯಲ್ಲಿ ವಿದ್ವಾಂಸರು ೧೯೮೮ರಿಂದ ೧೯೯೭ರ ವರೆಗೆ ಆರು ಸಂಪುಟಗಳ ದೊಡ್ಡ ತುಳು ನಿಘಂಟನ್ನು ಹೊರಡಿಸಿದರು. ಮನೆಯಲ್ಲಿ ಈ ಸೀಮೆಯ ಬೇರೆ ಬೇರೆ ನುಡಿಗಳನ್ನಾಡುತ್ತ ಕನ್ನಡದಲ್ಲಿ ಶ್ರೇಷ್ಠವಾಗಿ ಬರೆದವರು ಅನೇಕರಿದ್ದಾರೆ. ಮಕ್ಕಳಿಗಾಗಿ ಪದ್ಯಗಳನ್ನು ರಚಿಸಿದ ಪಂಜೆ ಮಂಗೇಶರಾಯರು, ಮಂಜೇಶ್ವರದ ಗೋವಿಂದ ಪೈಗಳು ಇಬ್ಬರೂ ಮನೆಯಲ್ಲಿ ಕೊಂಕಣಿಯನ್ನಾಡಿದವರು. ಮನೆಯ ನುಡಿಯನ್ನು ಬಿಟ್ಟರೆ ಮಾತ್ರ ಶಾಲೆಯ ನುಡಿ ಚೆನ್ನಾಗಿ ಬರುವದೆಂಬ ಭಾವನೆಗೆ ಆಧಾರವಿಲ್ಲವೆಂಬದಕ್ಕೆ ಇವರೇ ಸಾಕ್ಷಿ.

೭. ಬೆಟ್ಟ ಜಾರಿದರೆ

ಎರಡು ಸೀಮೆಗಳ ಸಂಬಂಧವನ್ನು ೨೦೧೯ನೆಯ ಇಸವಿಯ ಆಗಸ್ಟ್ ತಿಂಗಳು ಕಠಿನವಾದ ರೀತಿಯಲ್ಲಿ ಕಲಿಸಿತು. ಕೆಲವೇ ದಿನಗಳಲ್ಲಿ ಸುರಿದ ವಿಪರೀತ ಮಳೆಗೆ ಚಾರ್ಮಾಡಿಯ ದಾರಿ ಅನೇಕ ಕಡೆ ಕುಸಿಯಿತು. ಬಹು ದಿನ ಗಾಡಿಗಳು ಓಡಾಡಲಿಲ್ಲ. ನಮ್ಮ ತಾಲೂಕಿನ ಮಲೆಮನೆ, ಮಧುಗುಂಡಿ ಮೊದಲಾದ ಕಡೆಗಳಲ್ಲಿ ಗುಡ್ಡಗಳು ಜಾರಿ, ಮನೆ ತೋಟಗಳನ್ನು ಕೊಚ್ಚಿಕೊಂಡು ಹೋದವು. ಅದೇ ದಿನಗಳಲ್ಲಿ ಕೆಳಗೆ ಬೆಳ್ತಂಗಡಿ ತಾಲೂಕಿನಲ್ಲಿ ಮೃತ್ಯುಂಜಯ ಹೊಳೆಯು ಮರದ ದಿಮ್ಮಿಗಳನ್ನೂ ಮರಳನ್ನೂ ಹೊತ್ತು ತಂದು ಗದ್ದೆಗಳ ಮೇಲೂ ಅಡಿಕೆ ತೋಟಗಳ ಮೇಲೂ ಹರವಿತು. ಮೇಲೆ ಕಳೆದುಹೋದ ಮಣ್ಣೇ ಕೆಳಗಿನವರ ಗದ್ದೆಗೆ ಹೊರೆಯಾಯಿತು.

ಇಂಥದು ನಮ್ಮಲ್ಲಿ ಮಾತ್ರ ಆದದ್ದಲ್ಲ. ಥಾಯ್ಲೆಂಡ್ ದೇಶದ ದಕ್ಷಿಣ ಭಾಗದಲ್ಲಿ ನಕೋನ್ ಸಿ ತಮ್ಮರಾತ್ ಎಂಬ ಕಡಲತೀರದ ಪ್ರಾಂತವಿದೆ. ಆ ಹೆಸರು 'ನಗರ ಶ್ರೀ ಧರ್ಮರಾಜ' ಎಂಬ ಸಂಸ್ಕೃತ ಪದಗಳ ರೂಪಾಂತರ. ಅಲ್ಲಿಯೂ ನಮ್ಮಂತೆಯೇ ಬೆಟ್ಟ ಹಿಂದೆ, ಕಡಲು ಮುಂದೆ. ನಮಗೆ ನೈರುತ್ಯದ ಗಾಳಿ ಮಳೆ ತಂದರೆ, ಮೂಡಣ ಕಡಲಿಗೆ ಮುಖಮಾಡಿರುವ ಅವರಿಗೆ ಈಶಾನ್ಯದ ಗಾಳಿ ವರ್ಷಾಂತ್ಯದಲ್ಲಿ ಹೆಚ್ಚಿನ ಮಳೆ ತರುವದು. ೧೯೮೮ರ ನವೆಂಬರ್ ತಿಂಗಳಲ್ಲಿ ಅಂಥ ಮಳೆಗೆ ಬೆಟ್ಟಗಳು ಜಾರಿ, ಕಾಥುನ್ ಎಂಬ ಗ್ರಾಮವು ಮರಳಿನಲ್ಲಿಯೂ ಮರದ ದಿಮ್ಮಿಗಳಲ್ಲಿಯೂ ಹೂತುಹೋಯಿತು. ಆ ಪ್ರಳಯದಲ್ಲಿ ನೂರಾರು ಮಂದಿ ಸತ್ತರು. ಕಡಿದಾದ ಇಳಿಜಾರುಗಳಲ್ಲಿ ಕಾಡನ್ನು ಕಡಿದು, ಎಳೆಯ ರಬ್ಬರು ಗಿಡಗಳನ್ನು ನೆಟ್ಟಿದ್ದದ್ದು ಅದಕ್ಕೆ ಮುಖ್ಯ ಕಾರಣವೆಂದು ಕಂಡುಬಂತು. ಎರಡು ತಿಂಗಳೊಳಗೆ, ೧೯೮೯ರ ಜನವರಿಯಲ್ಲಿ, ಆ ದೇಶದ ಸರಕಾರವು ಸ್ವಾಭಾವಿಕ ಕಾಡುಗಳಲ್ಲಿ ಮರ ಕಡಿಯುವ ಗುತ್ತಿಗೆಗಳನ್ನು ದೇಶದಲ್ಲೆಲ್ಲಾ ನಿಲ್ಲಿಸಿತು.

ಇದರ ಕಾರಣವು ಕಠಿನವಾದ ಶಾಸ್ತ್ರವಲ್ಲ. ಬಂಡೆಯ ಮೇಲೆ ದಪ್ಪನಾದ ಮಣ್ಣಿನ ಹೊದಿಕೆ ಇದೆ. ದೊಡ್ಡ ಮರಗಳ ಬೇರುಗಳು ಆ ಮಣ್ಣನ್ನು ಹೊಲಿದಂತೆ ಹಿಡಿದಿರುತ್ತವೆ. ಮರ ಹೋದರೆ ಬೇರು ಕೆಲವು ವರ್ಷಗಳಲ್ಲಿ ಕೊಳೆಯುವದು. ಇಳಿಜಾರಿನ ಬುಡವನ್ನು ದಾರಿಗಾಗಿಯೋ ಮನೆಗಾಗಿ ಸಮತಟ್ಟು ಮಾಡುವದಕ್ಕಾಗಿಯೋ ಕಡಿದರೆ ಆಧಾರವೂ ತಪ್ಪುವದು. ಆಮೇಲೆ ನೀರು ತುಂಬಿ ಭಾರವಾದ ಮಣ್ಣು ಬಂಡೆಯ ಮೇಲಿಂದ ಜಾರುವದು. ಆದಕಾರಣ ತೋಟದಲ್ಲಿ ನೆರಳಿನ ಮರಗಳನ್ನು ಉಳಿಸುವದು ಕಾಫಿಗೆ ಮಾತ್ರ ಹಿತವೆಂದು ತಿಳಿಯಬಾರದು. ಕೆಳಗೆ ಹೊಳೆಯ ದಡದಲ್ಲಿ ಮಲಗಿರುವ, ನಾವು ಎಂದೂ ಕಾಣದ ಮಗುವಿಗೂ ಅದು ರಕ್ಷಣೆ.

೮. ಹೋಗುವವರಿಗೆ ಕೆಲವು ಸೂಚನೆಗಳು

ನವೆಂಬರಿನಿಂದ ಫೆಬ್ರವರಿಯ ವರೆಗೆ ಹೋಗುವದು ಒಳ್ಳೇದು. ಮಳೆಗಾಲದಲ್ಲಿ ಘಟ್ಟದ ದಾರಿಯೂ ಕಡಲೂ ಎರಡೂ ಅಪಾಯಕರ. ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ, ಮೀನುಗಳು ಮರಿಮಾಡುವ ಕಾಲವಾದ್ದರಿಂದ, ಯಂತ್ರದೋಣಿಗಳು ಮೀನು ಹಿಡಿಯಬಾರದೆಂಬ ನಿಯಮವೂ ಇದೆ. ಕಡಲಿನಲ್ಲಿ ಮೊಣಕಾಲಿಗಿಂತ ಹೆಚ್ಚಿನ ನೀರಿಗೆ ಯಾರೂ ಇಳಿಯಬಾರದು. ಹೇಮಾವತಿಯಲ್ಲಿ ಈಜಬಲ್ಲೆನೆಂಬ ಧೈರ್ಯವು ಅಲ್ಲಿ ಸಲ್ಲದು, ಯಾಕಂದರೆ ಹಿಂದಿರುಗುವ ತೆರೆಯು ಕಾಲಡಿಯ ಮರಳನ್ನೇ ಎಳೆದುಕೊಂಡು ಹೋಗುವದು. ಮಂಗಳೂರಿನ ಹಳೆಯ ಬಂದರ, ಸೇಂಟ್ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಮಂದಿರದ ಗೋಡೆಗಳ ಮೇಲೆ ಮೊಸ್ಕೇನಿ ಎಂಬ ಇಟಲಿಯ ಚಿತ್ರಕಾರನು ಬರೆದ ಚಿತ್ರಗಳು, ಉಳ್ಳಾಲದ ಅಳಿವೆ ಇವುಗಳನ್ನು ತಪ್ಪದೆ ನೋಡಿರಿ. ಕುಚ್ಚಲಕ್ಕಿಯ ಅನ್ನವನ್ನು ಮೂಗುಮುರಿಯದೆ ಉಣ್ಣಿರಿ.

ಹೊರಡುವ ಮುಂಚೆ ಪ್ರತಿಯೊಬ್ಬಳೂ ಮನೆಯ ಹಿರಿಯರನ್ನು ಮೂರು ಪ್ರಶ್ನೆ ಕೇಳತಕ್ಕದ್ದು: ನಮ್ಮವರಲ್ಲಿ ಯಾರಾದರೂ ಘಟ್ಟ ಹತ್ತಿ ಬಂದವರುಂಟೋ? ಬಂದರೆ ಯಾವ ಊರಿನಿಂದ, ಯಾವ ದಾರಿಯಾಗಿ ಬಂದರು? ಅವರು ಬಿಟ್ಟುಬಂದ ಮನೆಯಲ್ಲಿ ಈಗ ಯಾರಿದ್ದಾರೆ? ಉತ್ತರಗಳನ್ನು ನೋಟುಬುಕ್ಕಿನಲ್ಲಿ ಬರೆದುಕೊಂಡು ಬನ್ನಿರಿ. ತಿಳಿದವರು ಇರುವಾಗಲೇ ಕೇಳದಿದ್ದರೆ ಈ ಸಂಗತಿಗಳು ಯಾವ ಗ್ರಂಥದಲ್ಲಿಯೂ ಸಿಕ್ಕುವದಿಲ್ಲ. ಯಾರ ಮನೆಯವರು ಇಲ್ಲಿಯೇ ಹುಟ್ಟಿ ಬೆಳೆದವರೋ ಅವರು, ತಮ್ಮ ತೋಟದಲ್ಲಿಯೂ ಗದ್ದೆಯಲ್ಲಿಯೂ ಅಜ್ಜಂದಿರ ಕಾಲದಲ್ಲಿ ಯಾರು ದುಡಿದರೆಂದು ಕೇಳಿಕೊಂಡು ಬರಲಿ. ಹಿಂದಿರುಗಿದ ಮೇಲೆ ಆ ಊರುಗಳನ್ನು ಶಾಲೆಯ ಗೋಡೆಯ ಮೇಲಿನ ಭೂಪಟದಲ್ಲಿ ಗುರುತು ಮಾಡೋಣ. ಯಾವ ಹುಡುಗಿಯ ಹೆಸರನ್ನೂ ಬಿಡದೆ.